ಟರ್ಮಿನಲ್‌ನಲ್ಲಿ ಅಡ್ಮಿನ್ ಅಧಿಕಾರ: ಬೇಕಾದಾಗ, ಬೇಕಾದಷ್ಟು

ಎಲ್ಲರಿಗೂ ನಮಸ್ಕಾರ. ಮಂಗಳೂರು, ಉಡುಪಿಯ ಶಾಲೆ-ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು ಇಲ್ಲಿದ್ದೀರಿ. ಹಾಗಾಗಿ ಲ್ಯಾಬಿನ ಕೆಲಸದಿಂದಲೇ ಶುರು ಮಾಡುತ್ತೇನೆ. ಕನ್ನಡ ಟೈಪಿಂಗ್‌ಗೆ ಬೇಕಾದ ಪ್ಯಾಕೇಜ್, ಅಂದರೆ ತಂತ್ರಾಂಶದ ಕಟ್ಟು, ಹಾಕಲು ಹೊರಟರೆ ಲಿನಕ್ಸ್ 'ಪರ್ಮಿಷನ್ ಡಿನೈಡ್' ಅನ್ನುತ್ತದೆ. ಆ ಫೈಲುಗಳು ಹೋಗಿ ಸೇರುವ ಜಾಗ ಎಲ್ಲ ಅಧಿಕಾರವೂ ಇರುವ ರೂಟ್ ಎಂಬ ಬಳಕೆದಾರನದ್ದು. ಅಲ್ಲಿ ಬರೆಯುವ ಹಕ್ಕು ನಿಮಗಿಲ್ಲ.

ಆಜ್ಞೆಯ ಮುಂದೆ 'ಸುಡೋ' ಸೇರಿಸಿದರೆ ಆ ಒಂದು ಆಜ್ಞೆ ಮಾತ್ರ ರೂಟ್ ಹೆಸರಿನಲ್ಲಿ ನಡೆಯುತ್ತದೆ. ಕೇಳುವುದು ನಿಮ್ಮದೇ ಪಾಸ್‌ವರ್ಡ್. ಟೈಪ್ ಮಾಡುವಾಗ ಸಾಮಾನ್ಯವಾಗಿ ಪರದೆಯಲ್ಲಿ ಏನೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಒಮ್ಮೆ ಕೊಟ್ಟ ಪಾಸ್‌ವರ್ಡ್ ಅದೇ ಟರ್ಮಿನಲ್‌ನಲ್ಲಿ 15 ನಿಮಿಷ ನಡೆಯುತ್ತದೆ. ಅಷ್ಟರೊಳಗೆ ಎದ್ದು ಹೋಗುವುದಿದ್ದರೆ 'ಸುಡೋ -ಕೆ' ಕೊಟ್ಟು ಹೋಗಿ, ಆಗ ಮುಂದಿನ ಸಲ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಕುರ್ಚಿಯಲ್ಲಿ ಮುಂದೆ ಕೂರುವವನು ವಿದ್ಯಾರ್ಥಿ.

ಹೆಚ್ಚು ಜನ ಸಿಕ್ಕಿಬೀಳುವುದು ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್‌ನಲ್ಲಿ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೊಟ್ಟಿದ್ದರೆ ನಿಮ್ಮ ಖಾತೆ ಸುಡೋ ಬಳಸಲು ಅನುಮತಿ ಇರುವವರ 'ಸುಡೋ' ಗುಂಪಿಗೆ ಸೇರಿರುವುದಿಲ್ಲ. ಖಾಲಿ ಬಿಟ್ಟಿದ್ದರೆ ಸೇರಿರುತ್ತದೆ. ಸೇರದಿದ್ದವರು 'ಎಸ್‌ಯು -' ಎಂದು ಕೊಟ್ಟು ರೂಟ್ ಆಗಬೇಕು. ಆ ಅಡ್ಡಗೆರೆ ಬಿಡಬೇಡಿ. ಬಿಟ್ಟರೆ ಹಳೆಯ ಪಾತ್, ಅಂದರೆ ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿ, ಹಾಗೆಯೇ ಉಳಿದು, ಮುಂದಿನ ಆಜ್ಞೆಗೆ 'ಕಮಾಂಡ್ ನಾಟ್ ಫೌಂಡ್' ಎಂಬ ಉತ್ತರ ಬರುತ್ತದೆ. ಸುಡೋ ಪ್ಯಾಕೇಜೇ ಇಲ್ಲದಿದ್ದರೆ ಮೊದಲು ಅದನ್ನು ಹಾಕಿ. ಬಳಿಕ 'ಯೂಸರ್‌ಮಾಡ್ -ಎಜಿ ಸುಡೋ', ಮುಂದೆ ಬಳಕೆದಾರನ ಹೆಸರು. ಇಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಎ ಮರೆತರೆ ಆ ಬಳಕೆದಾರ ಸುಡೋ ಗುಂಪಿಗೆ ಸೇರುತ್ತಾನೆ, ಆದರೆ ಅವನಿದ್ದ ಬೇರೆ ಹೆಚ್ಚುವರಿ ಗುಂಪುಗಳೆಲ್ಲ ಕಳಚಿಹೋಗುತ್ತವೆ. ಕೊನೆಗೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಗುಂಪಿನ ಪಟ್ಟಿಯನ್ನು ಲಾಗಿನ್ ಹೊತ್ತಿನಲ್ಲಷ್ಟೇ ಓದುವುದರಿಂದ ಈ ಹೆಜ್ಜೆ ತಪ್ಪಿಸುವಂತಿಲ್ಲ. 'ಐಡಿ' ಎಂದು ಕೊಟ್ಟರೆ ಸೇರಿದೆಯೋ ಇಲ್ಲವೋ ಕಾಣುತ್ತದೆ. ಫೆಡೋರಾ ಎಂಬ ಲಿನಕ್ಸ್‌ನಲ್ಲಿ ಈ ಗುಂಪಿನ ಹೆಸರು 'ವೀಲ್'.

ಯಾರಿಗೆ ಯಾವ ಅಧಿಕಾರ ಎಂಬುದು 'ಸುಡೋಯರ್ಸ್' ಫೈಲಿನಲ್ಲಿದೆ. ಅದನ್ನು ಸಾಮಾನ್ಯ ಎಡಿಟರ್‌ನಲ್ಲಿ ತಿದ್ದಲೇಬೇಡಿ, 'ವಿಸುಡೋ' ಬಳಸಿ. ಅದು ಫೈಲಿನಲ್ಲಿ ಬರೆದ ಕ್ರಮ ಸರಿಯಿದೆಯೇ ಎಂದು ನೋಡಿ ಆಮೇಲಷ್ಟೇ ಉಳಿಸುತ್ತದೆ. ಅಲ್ಲೊಂದು ತಪ್ಪು ಉಳಿದರೆ ಸುಡೋ ಎಲ್ಲರಿಗೂ ನಿಂತುಹೋಗಬಹುದು, ಉಬುಂಟುವಿನಲ್ಲಿ ರೂಟ್ ಲಾಗಿನ್ ಕೂಡ ಮುಚ್ಚಿರುತ್ತದೆ. ಆಗ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ರಿಕವರಿ ಮೋಡ್‌ಗೆ ಹೋಗಿ ಸರಿಪಡಿಸಬೇಕಾಗುತ್ತದೆ.

ಇಷ್ಟು ಜಾಗ್ರತೆಯ ನಂತರವೂ ಅಪ್‌ಡೇಟ್ ಬಿಡುವಂತಿಲ್ಲ. 2021ರ ಜನವರಿಯಲ್ಲಿ ಕ್ವಾಲಿಸ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ಸುಡೋದಲ್ಲೇ ಒಂದು ದೋಷವನ್ನು ಬಯಲಿಗೆ ತಂದಿತು. 2011ರಿಂದಲೂ ಅಡಗಿದ್ದ ಆ ದೋಷದಿಂದ, ಸುಡೋ ಅನುಮತಿಯೇ ಇಲ್ಲದ ಸಾಮಾನ್ಯ ಖಾತೆಯವರೂ ರೂಟ್ ಆಗಬಹುದಿತ್ತು. ನೂರಾರು ಮಕ್ಕಳು ಕೂರುವ ಲ್ಯಾಬಿಗೆ ಇದು ಸಣ್ಣ ವಿಷಯವಲ್ಲ.

ಅಪ್‌ಡೇಟ್ ನಡೆಯುವಾಗ 'ಕುಡ್ ನಾಟ್ ಗೆಟ್ ಲಾಕ್' ಎಂದು ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ಓಡುತ್ತಿದೆ ಎಂದರ್ಥ. ಕಾಯಿರಿ, ಲಾಕ್ ಫೈಲ್ ಅಳಿಸಬೇಡಿ. ನಮ್ಮ ಮಳೆಗಾಲದಲ್ಲಿ ನಡುವೆಯೇ ಕರೆಂಟ್ ಹೋದರೆ ಪ್ಯಾಕೇಜುಗಳು ಅರ್ಧಕ್ಕೆ ನಿಲ್ಲುತ್ತವೆ. ಕರೆಂಟ್ ಬಂದ ಮೇಲೆ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ', ಅದರ ಹಿಂದೆಯೇ 'ಸುಡೋ ಆಪ್ಟ್ -ಎಫ್ ಇನ್‌ಸ್ಟಾಲ್' ಕೊಡಿ. ಬಾಕಿ ಉಳಿದದ್ದು ಸಾಮಾನ್ಯವಾಗಿ ಪೂರ್ತಿಯಾಗುತ್ತದೆ.