ಹಬ್ಬದ ದಿನ ಪೆಟ್ಟಿಗೆ ತೆಗೆಯುವವರು ಯಾರು?

ಡಿಸೆಂಬರ್ ಬಂತು ಅಂದ್ರೆ ಸಾಕು, ಡೈಸ್ ಹಿಡಿದು ಪಾತ್ರ ಆಡುವವರ ಮೇಜಿಗೆ ಸಾಂತಾ ಕ್ಲಾಸ್ ಬಂದು ಕೂರುತ್ತಾನೆ. ಆಟ ಬಾಹ್ಯಾಕಾಶದ್ದಾದರೆ ಅವನಿಗೊಂದು ರಾಕೆಟ್, ಜಿಂಕೆ ಬದಲು ರೋಬೋಟ್. ಯಾರೋ ಉಡುಗೊರೆ ಕದ್ದಿರುತ್ತಾರೆ, ನಾವು ಹುಡುಕಿ ತರಬೇಕು. ನನಗಂತೂ ಬೇಜಾರು. ಹಬ್ಬವನ್ನು ತೋರಣದ ಥರ ಕಟ್ಟಿಬಿಟ್ಟರೆ ಆಯ್ತಾ? ಹಬ್ಬ ಅಂದ್ರೆ ಒಂದು ತಾರೀಕು. ಅಷ್ಟರೊಳಗೆ ಮನೆ ಸೇರಬೇಕು. ಕತೆ ಇರುವುದು ಅಲ್ಲಿ.

ತಮಾಷೆ ಬೇಡ ಅಂತಲ್ಲ. 1965ರ ಡಿಸೆಂಬರ್ 16ರಂದು ಅಮೆರಿಕದ ಜೆಮಿನಿ 6ಎ ಬಾಹ್ಯಾಕಾಶ ನೌಕೆಯಿಂದ ಒಂದು ವರದಿ ಬಂತು: ಯಾವುದೋ ವಸ್ತು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿದೆ. ಆಮೇಲೆ ಕೇಳಿಸಿದ್ದು ಜಿಂಗಲ್ ಬೆಲ್ಸ್! ಒಳಗಿದ್ದ ಇಬ್ಬರು ಗಗನಯಾತ್ರಿಗಳದ್ದೇ ಕೆಲಸ: ವಾಲಿ ಶಿರಾ ಹಾರ್ಮೋನಿಕಾ, ಟಾಮ್ ಸ್ಟಾಫರ್ಡ್ ಗೆಜ್ಜೆ. ಸಾಂತಾಗೆ ಅಷ್ಟು ಹೊತ್ತು ಸಾಕು.

ಈಗ ಟ್ರಾವೆಲರ್ ಅನ್ನುವ ಬಾಹ್ಯಾಕಾಶದ ಪಾತ್ರ-ಆಟಕ್ಕೆ ಬರೋಣ. ಮಾರ್ಕ್ ಮಿಲ್ಲರ್ ಬರೆದದ್ದು, ಅಮೆರಿಕದಲ್ಲಿ 1977ರಲ್ಲಿ ಬಂದದ್ದು. ಹಳೇ ನಿಯಮದಲ್ಲಿ ಪಾತ್ರ ತಯಾರಾಗುವಾಗಲೇ ಸತ್ತುಹೋಗಬಹುದಿತ್ತು, ಅಂಥ ಆಟ. ಅದರ ಸಾಮ್ರಾಜ್ಯದ ಕ್ಯಾಲೆಂಡರಿನಲ್ಲಿ ವರ್ಷದ ಮೊದಲ ದಿನ 001. ಅದರ ಹೆಸರೇ ಹಾಲಿಡೇ. ಉಳಿದ 364 ದಿನ ಸರಿಯಾಗಿ 52 ವಾರ. ಅಂದ್ರೆ ಹಾಲಿಡೇ ಯಾವ ವಾರಕ್ಕೂ ಸೇರಿಲ್ಲ. ಮನೆಯಲ್ಲೇ ಹಬ್ಬ ಇಟ್ಟುಕೊಂಡು ಸಾಂತಾನನ್ನು ಯಾಕೆ ಕರೆಯಬೇಕು?

ಈ ಲೋಕದಲ್ಲಿ ಒಂದು ಜಂಪ್, ಅಂದ್ರೆ ಹಡಗು ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವುದು, ಸುಮಾರು ಒಂದು ವಾರ. ಎಷ್ಟೇ ದುಡ್ಡು ಸುರಿದರೂ ಕಮ್ಮಿಯಾಗುವುದಿಲ್ಲ. ಹಡಗಿಗಿಂತ ಬೇಗ ಸುದ್ದಿಯೂ ಹೋಗುವುದಿಲ್ಲ. "ಬರೋದು ತಡ ಆಗುತ್ತೆ" ಅಂತ ಫೋನ್ ಮಾಡುವ ಹಾಗಿಲ್ಲ.

ಆ ಹಳೇ ನಿಯಮದ ಟಿಕೆಟ್ ನೋಡಿ. ಅಲ್ಲಿನ ದುಡ್ಡಿಗೆ ಕ್ರೆಡಿಟ್ ಅಂತಾರೆ. ಒಳ್ಳೆ ಕೋಣೆಗೆ 10,000 ಕ್ರೆಡಿಟ್, ಸಾಧಾರಣದ್ದಕ್ಕೆ 8,000. ಬಡವರಿಗೆ 1,000ದ್ದು. ಅವರನ್ನು ಹೆಪ್ಪುಗಟ್ಟಿಸಿ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಊರು ಬಂದ ಮೇಲೆ ಒಬ್ಬೊಬ್ಬರಿಗೂ ಎರಡು ಡೈಸ್ ಹಾಕಬೇಕು. 5 ಅಥವಾ ಜಾಸ್ತಿ ಬಿದ್ದರೆ ಏಳುತ್ತಾರೆ. ಲೆಕ್ಕ ಹಾಕಿ, ಆರರಲ್ಲಿ ಒಬ್ಬರು ಏಳುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನಿಂದ ಊರಿಗೆ ಬಸ್ ಸೀಟು ಹುಡುಕಿದವರಿಗೆ ಈ ಜನ ಯಾಕೆ ಮಲಗಿದರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ನಿಯಮವಿದೆ. ಕೇಳಿದರೆ ಮೈ ಜುಮ್ಮೆನ್ನುತ್ತೆ. ಬಡವರ ಆ ಒಂದೊಂದು ಟಿಕೆಟ್ಟಿನ 10 ಕ್ರೆಡಿಟ್ ಲಾಟರಿಗೆ ಹೋಗುತ್ತದೆ. ಎಷ್ಟು ಜನ ಬದುಕುತ್ತಾರೆ ಅಂತ ಪ್ರಯಾಣಿಕರೇ ಊಹಿಸಬೇಕು. ಗೆದ್ದವನು ಏಳದಿದ್ದರೆ ದುಡ್ಡು ಕ್ಯಾಪ್ಟನ್‌ಗೆ!

ನನ್ನ ಹಬ್ಬದ ಸಾಹಸ ಇಷ್ಟೇ. ಫ್ರೀ ಟ್ರೇಡರ್ ಅನ್ನುವ ಸಣ್ಣ ವ್ಯಾಪಾರದ ಹಡಗು, 20 ಪೆಟ್ಟಿಗೆ, ಎಲ್ಲ ಭರ್ತಿ. ಹಡಗಿನ ಸಾಲ 480 ತಿಂಗಳ ಕಂತು, ಈ ತಿಂಗಳದ್ದು ಬಾಕಿ. 001ರ ಬೆಳಿಗ್ಗೆ ನಿಲ್ದಾಣ ಮುಟ್ಟುತ್ತೀರಿ. ಬಾಗಿಲ ಆಚೆ 20 ಮನೆಯವರು ಹೊಸ ಬಟ್ಟೆ ಹಾಕಿಕೊಂಡು ನಿಂತಿದ್ದಾರೆ. ಒಳ್ಳೆ ಡಾಕ್ಟರ್ ಇದ್ದರೆ ಡೈಸ್‌ಗೆ ಒಂದು ಸೇರುತ್ತದೆ, ಸಾವು ಅರ್ಧಕ್ಕೆ ಇಳಿಯುತ್ತದೆ. ಆದರೆ ಇವತ್ತು ಊರಿಗೆಲ್ಲ ರಜೆ, ಡಾಕ್ಟರ್ ಬರುವುದು ನಾಳೆ. ಈಗಲೇ ತೆಗೆಯುತ್ತೀರೋ, ಕಾಯುತ್ತೀರೋ?

ಕಳ್ಳನಿಲ್ಲ, ಬಂದೂಕಿಲ್ಲ. "ಹಬ್ಬದ ಆಟದಲ್ಲಿ ಇಷ್ಟೊಂದು ಸಾವು ಯಾಕೆ" ಅಂತ ಕೇಳಬಹುದು. ನಾನು ಸಾವನ್ನು ಎಲ್ಲಿಂದಲೂ ತರಲಿಲ್ಲ. ಅದು ನಿಯಮದಲ್ಲಿ ಇದ್ದೇ ಇತ್ತು. ಹಬ್ಬದಿಂದಾಗಿ ಕಣ್ಣಿಗೆ ಬಿತ್ತು, ಅಷ್ಟೇ.

ಮೊದಲ ಸಲ ಆಡಿಸಿದಾಗ ಗೆಳೆಯರು ಕಾಯಲಿಲ್ಲ. ಬಾಗಿಲು ಬಡಿಯುವ ಸದ್ದು ನಾನೇ ಮಾಡುತ್ತಿದ್ದೆನಲ್ಲ, ಮೇಜು ಕುಟ್ಟಿ. ಹದಿನಾರು ಪೆಟ್ಟಿಗೆ ತೆಗೆದರು. ಹದಿನಾಲ್ಕು ಜನ ಎದ್ದರು. ಹದಿನೇಳನೆಯದಕ್ಕೆ ಬಂದಾಗ ಕ್ಯಾಪ್ಟನ್ ಆಗಿದ್ದವನು ಎರಡೂ ಡೈಸ್ ಜೇಬಿಗೆ ಹಾಕಿಕೊಂಡು, "ಉಳಿದ ನಾಲ್ಕು ನಾಳೆ" ಅಂದ. ನಾನು ಮೇಜು ಕುಟ್ಟುತ್ತಲೇ ಇದ್ದೆ.