ಕ್ಷೇತ್ರದ ಗಡಿ ಮತ್ತು ಊರಿನ ದಾರಿ

(ಶಿರಸಿಯ ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯರೇ,

ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟಿದ್ದರು. ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿ ಇಟ್ಟುಕೊಂಡು ಜನಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ನನ್ನ ಮನಸ್ಸಿನಲ್ಲಿ ಕುಳಿತಿರುವುದು ಇದೊಂದೇ ಸಂಗತಿ. ತಲೆ ಎಣಿಸಿ ಮುಗಿದ ಮೇಲೆ ಗೆರೆ ಎಳೆಯುವ ಕೆಲಸ, ಅಂದರೆ ಲೋಕಸಭೆ ಮತ್ತು ವಿಧಾನಸಭೆಯ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸುವ ಕೆಲಸ ಬರುತ್ತದೆ. ಆ ಗೆರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲಿ ಹಾಯಬೇಕು ಎಂಬ ಬಗ್ಗೆ ನಮಗೊಂದು ಅಭಿಪ್ರಾಯ ಇರಬೇಕು, ಅದನ್ನು ಕರಡು ಹೊರಬಂದ ಮೇಲಲ್ಲ, ಈಗಲೇ ಬರೆದಿಟ್ಟುಕೊಳ್ಳಬೇಕು ಎಂಬುದನ್ನು ಹೇಳಲಿಕ್ಕೆ ನಾನು ಇಲ್ಲಿ ನಿಂತಿದ್ದೇನೆ.

ಹಿನ್ನೆಲೆ ಈ ಸಭೆಗೆ ತಿಳಿದದ್ದೇ. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳ ಸ್ಥಾನಗಳ ಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು; 2001ರ 84ನೆಯ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು; ಸಂಖ್ಯೆ ಬದಲಾಗದಿದ್ದರೂ ಒಳಗಿನ ಗಡಿಗಳನ್ನು 2001ರ ಜನಗಣತಿಯಂತೆ ಹೊಸದಾಗಿ ಎಳೆಯಬಹುದೆಂದು 2003ರ 87ನೆಯ ತಿದ್ದುಪಡಿ ಹೇಳಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಎಳೆದ ಆ ಗಡಿಗಳ ಮೇಲೆ ದೇಶದಲ್ಲೇ ಮೊದಲು ವಿಧಾನಸಭೆಗೆ ಮತ ಹಾಕಿದವರು ನಾವು, ಕರ್ನಾಟಕದವರು, 2008ರ ಮೇ ತಿಂಗಳಲ್ಲಿ.

ಆ ಚುನಾವಣೆಯಲ್ಲಿ ನಾನು ಬನವಾಸಿ ಹೋಬಳಿಯ ಒಂದು ಮತಗಟ್ಟೆಗೆ ಅಧ್ಯಕ್ಷಾಧಿಕಾರಿಯಾಗಿ ಹೋಗಿದ್ದೆ. ನನ್ನ ವಿದ್ಯಾರ್ಥಿಗಳು ಈ ಕಥೆಯನ್ನು ಹಲವು ಸಲ ಕೇಳಿದ್ದಾರೆ. ಅವರು ಇನ್ನೊಮ್ಮೆ ಕೇಳುವ ತಾಳ್ಮೆ ತೋರಬೇಕು. ಮತದಾನದ ಹಿಂದಿನ ಸಂಜೆ ಶಾಲೆಯ ಜಗಲಿಯಲ್ಲಿ ಯಂತ್ರದ ಪೆಟ್ಟಿಗೆಗಳನ್ನು ಇಳಿಸಿ, ಕರೆಂಟು ಹೋಗಿದ್ದರಿಂದ ಲಾಟೀನು ಹಚ್ಚಿಕೊಂಡು ಮತದಾರರ ಪಟ್ಟಿಯ ಪುಟ ತಾಳೆ ನೋಡುತ್ತಿದ್ದೆವು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಹಿರಿಯರು ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಒಳಗೆ ಬನ್ನಿ ಎಂದೆ. ಅವರು ಕುಳಿತು ಚೀಲದಿಂದ ಒಂದೊಂದೇ ಕಾಗದ ತೆಗೆದು, ಮಡಿಕೆ ಬಿಡಿಸಿ, ನೆಲದ ಮೇಲೆ ಸಾಲಾಗಿ ಹರವಿದರು.

“ಮಾಸ್ತರೇ, ಇದು ನಮ್ಮ ಪಹಣಿ, ಶಿರಸಿ ತಾಲೂಕಿಂದು. ಇದು ರೇಶನ್ ಕಾರ್ಡು, ಇದೂ ಶಿರಸಿದೇ. ಸೊಸೈಟಿ ಸಾಲದ ಪುಸ್ತಕ, ಅದೂ ಶಿರಸಿ ತಾಲೂಕಿಂದೇ. ಓಟು ಮಾತ್ರ ಯಲ್ಲಾಪುರಕ್ಕೆ ಹ್ಯಾಗೆ ಹೋತು? ಪಟ್ಟಿ ಬರೆದವರು ಎಲ್ಲೋ ತಪ್ಪು ಮಾಡ್ಯಾರೆ. ತಿದ್ದಲಿಕ್ಕೆ ಯಾವ ಅರ್ಜಿ ಕೊಡಬೇಕು ಹೇಳಿ, ಈಗ್ಲೇ ಬರೆದು ಕೊಡ್ತೇನೆ.”

“ತಪ್ಪಲ್ಲ ಯಜಮಾನರೇ, ಕ್ಷೇತ್ರವೇ ಬದಲಾಗಿದೆ” ಎಂದು ನಾನು ಹೇಳಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕಿಟಕಿಯ ಮೇಲಿದ್ದ ಸೀಮೆಸುಣ್ಣದ ತುಂಡು ಎತ್ತಿಕೊಂಡು ಜಗಲಿಯ ಮೇಲೆ ಗೆರೆ ಹಾಕತೊಡಗಿದರು. ಇದು ನಮ್ಮೂರು, ಇದು ವರದಾ ಹೊಳೆ, ಇದು ಬನವಾಸಿ, ಇಲ್ಲಿಂದ ಹೀಗೆ ಹೋದರೆ ಶಿರಸಿ. ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ, ಸಂತೆ ದಿನ ಅದರಲ್ಲಿ ಜಾಗ ಸಿಗುವುದು ಎಷ್ಟು ಕಷ್ಟ, ಟಿಕೆಟ್ಟು ಎಷ್ಟು ಎಂದೆಲ್ಲ ಹೇಳುತ್ತ ಗೆರೆಯನ್ನು ಶಿರಸಿಯವರೆಗೆ ತಂದರು. ಶಿರಸಿಯ ಆಚೆ ಸೀಮೆಸುಣ್ಣ ನಿಂತಿತು. “ಇಲ್ಲಿಂದ ಆ ಕಡೆ ನಾನು ಹೋಗೇ ಇಲ್ಲ ಮಾಸ್ತರೇ” ಎಂದರು. ಅವರಿಗೆ ಎಪ್ಪತ್ತು ದಾಟಿತ್ತು.

ನನ್ನ ಜೊತೆ ಮತಗಟ್ಟೆ ಅಧಿಕಾರಿಯಾಗಿ ಬಂದಿದ್ದವರು ಅಂಕೋಲೆಯ ಒಬ್ಬ ಶಿಕ್ಷಕರು. ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅವರು, “ಅಜ್ಜಾ, ನಿಮ್ಮನ್ನು ಬೇರೆ ಕ್ಷೇತ್ರಕ್ಕೆ ಹಾಕಿದರು ಅಷ್ಟೇ. ನಮ್ಮ ಕ್ಷೇತ್ರವೇ ಇಲ್ಲದಂತಾಗಿದೆ” ಎಂದರು. ಅಜ್ಜ ಅವರನ್ನು ನೋಡಿ, “ಹಂಗಾರೆ ನಿಮ್ಮದೂ ಒಂದು ಅರ್ಜಿ ಬರೀರಿ, ಇಬ್ಬರದೂ ಕೂಡೇ ಕೊಡೋಣ” ಎಂದಾಗ ಮೂವರೂ ನಕ್ಕೆವು. ನಕ್ಕರೂ, ವರ್ಷಗಟ್ಟಲೆ ತರಗತಿಯಲ್ಲಿ ಕ್ಷೇತ್ರ ವಿಂಗಡಣೆಯ ಮಾತು ಬರುವ ಸಂವಿಧಾನದ 82ನೆಯ ವಿಧಿ, 170ನೆಯ ವಿಧಿ ಎಂದು ಪಾಠ ಹೇಳಿದ್ದ ನನಗೆ, ಆ ಅರ್ಜಿ ಕೊಡಬೇಕಾಗಿದ್ದ ದಿನ ಯಾವಾಗ ಕಳೆದುಹೋಯಿತು ಎಂದು ಅಜ್ಜನಿಗೆ ಹೇಳುವ ಧೈರ್ಯ ಬರಲಿಲ್ಲ.

ಅರ್ಜಿಗೆ ಒಂದು ದಿನ ನಿಜವಾಗಿಯೂ ಇತ್ತು. 2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯ 9ನೆಯ ಕಲಮಿನಂತೆ ಆಯೋಗವು ತನ್ನ ಕರಡನ್ನು ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ದಿನ ಗೊತ್ತು ಮಾಡಬೇಕು, ಸಾರ್ವಜನಿಕ ಸಭೆ ನಡೆಸಿ ಕೇಳಬೇಕು. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ಕ್ಷೇತ್ರವು ಸಾಧ್ಯವಾದಷ್ಟು ಒಂದಕ್ಕೊಂದು ಹೊಂದಿಕೊಂಡ ಭೂಭಾಗವಾಗಿರಬೇಕು. ಗಡಿ ಎಳೆಯುವಾಗ ನೆಲದ ಸ್ವರೂಪ, ಈಗಿರುವ ಆಡಳಿತ ಘಟಕಗಳ ಎಲ್ಲೆ, ಸಂಪರ್ಕ ಸೌಕರ್ಯ ಮತ್ತು ಸಾರ್ವಜನಿಕರ ಅನುಕೂಲ ಇವನ್ನು ಗಮನಿಸಬೇಕು. ಅಜ್ಜ ಸೀಮೆಸುಣ್ಣದಲ್ಲಿ ಬರೆದದ್ದು ಈ ಕಲಮನ್ನೇ. ಹೊಳೆ ನೆಲದ ಸ್ವರೂಪ, ತಾಲೂಕು ಆಡಳಿತದ ಎಲ್ಲೆ, ಬೆಳಗಿನ ಬಸ್ಸು ಸಂಪರ್ಕ ಸೌಕರ್ಯ. ಅವರ ಹತ್ತಿರ ಇಲ್ಲದೇ ಇದ್ದದ್ದು ಗೆಜೆಟ್ ಮಾತ್ರ.

ಆಯೋಗಕ್ಕೂ ನ್ಯಾಯ ಸಲ್ಲಬೇಕು. ಯಲ್ಲಾಪುರ ಮತ್ತು ಮುಂಡಗೋಡ ಎರಡೂ ತಾಲೂಕು ಕೂಡಿದರೂ ಒಂದು ಕ್ಷೇತ್ರಕ್ಕೆ ಬೇಕಾದ ಜನಸಂಖ್ಯೆ ತುಂಬುವುದಿಲ್ಲ. ಎಲ್ಲಿಂದಲಾದರೂ ತರಲೇಬೇಕಾಗಿತ್ತು, ಬನವಾಸಿ ಹೋಬಳಿಯಿಂದ ತಂದರು. ಹೊನ್ನಾವರ ತಾಲೂಕನ್ನು ಕುಮಟಾ ಮತ್ತು ಭಟ್ಕಳಕ್ಕೆ ಹಂಚಿದರು. 1930ರ ಉಪ್ಪಿನ ಸತ್ಯಾಗ್ರಹದಿಂದ ಇಡೀ ನಾಡಿಗೆ ಹೆಸರಾದ ಅಂಕೋಲೆ ಕಾರವಾರ ಕ್ಷೇತ್ರದೊಳಗೆ ಸೇರಿಹೋಯಿತು, ವಿಧಾನಸಭೆಯ ಪಟ್ಟಿಯಲ್ಲಿ ಆ ಹೆಸರು ಉಳಿಯಲಿಲ್ಲ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಶಿರಸಿ ಸಾಮಾನ್ಯ ಕ್ಷೇತ್ರವಾಯಿತು. ಇಂದು ಜಿಲ್ಲೆಯ ಆರರಲ್ಲಿ ಒಂದೂ ಮೀಸಲು ಕ್ಷೇತ್ರವಿಲ್ಲ. ಲೋಕಸಭೆಯ ಮಾತು ಬಂದರೆ, ಭಟ್ಕಳದ ಮೀನುಗಾರರಿಗೂ ಬೆಳಗಾವಿ ಜಿಲ್ಲೆಯ ಕಿತ್ತೂರಿನ ಒಕ್ಕಲಿಗೂ ಒಬ್ಬರೇ ಸಂಸದರು. ಇವುಗಳಲ್ಲಿ ಕೆಲವಕ್ಕೆ ಕಾರಣವಿದೆ, ಕೆಲವಕ್ಕೆ ಇದ್ದಿರಬಹುದು. ಆದರೆ ಆ ಕಾರಣಗಳನ್ನು ನಾವು ಸಮಯಕ್ಕೆ ಸರಿಯಾಗಿ ಕೇಳಲೂ ಇಲ್ಲ, ಎದುರು ಕಾರಣ ಕೊಡಲೂ ಇಲ್ಲ ಎಂಬುದು ನನ್ನ ಸಂಕಟ.

ಈಗ ಮುಂದೆ ಬರುವ ಲೆಕ್ಕಕ್ಕೆ ಬರುತ್ತೇನೆ, ದಯವಿಟ್ಟು ಇದನ್ನು ಬರೆದುಕೊಳ್ಳಿ. 2001ರಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ. 224 ಸ್ಥಾನಗಳಿಗೆ ಹಂಚಿದರೆ ಕ್ಷೇತ್ರವೊಂದಕ್ಕೆ ಸುಮಾರು 2.36 ಲಕ್ಷ. ಆಗ ಉತ್ತರ ಕನ್ನಡದಲ್ಲಿ 13.53 ಲಕ್ಷ ಜನ. ಭಾಗಿಸಿದರೆ ಐದೂ ಮುಕ್ಕಾಲರ ಹತ್ತಿರ ಬರುತ್ತದೆ, ಆದ್ದರಿಂದ ಆರು ಕ್ಷೇತ್ರ ಉಳಿದವು. 2011ರಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ, ಸರಾಸರಿ 2.73 ಲಕ್ಷ. ನಮ್ಮ ಜಿಲ್ಲೆ 14.37 ಲಕ್ಷ. ಭಾಗಿಸಿದರೆ ಐದೂ ಕಾಲು. ಹತ್ತು ವರ್ಷಗಳಲ್ಲಿ ರಾಜ್ಯ ಶೇಕಡಾ 15ಕ್ಕೂ ಮೇಲೆ ಬೆಳೆದಿತ್ತು, ನಾವು ಶೇಕಡಾ 6ರ ಆಸುಪಾಸು, ಬೆಂಗಳೂರು ನಗರ ಜಿಲ್ಲೆ ಶೇಕಡಾ 47ರಷ್ಟು. ಇದೇ ನಡೆ ಮುಂದುವರಿದಿದ್ದರೆ, ಒಟ್ಟು ಸ್ಥಾನ 224ರಲ್ಲೇ ನಿಂತಾಗ ನಮಗೆ ಐದೇ ಕ್ಷೇತ್ರ. ಒಟ್ಟು ಸ್ಥಾನಗಳನ್ನು ಹೆಚ್ಚಿಸಿದರೆ ಆರು ಉಳಿಯಬಹುದು, ಆದರೆ ದೊಡ್ಡದಾದ ಸದನದಲ್ಲಿ ನಮ್ಮ ಪಾಲು ಅಷ್ಟಕ್ಕಷ್ಟೇ ಕುಗ್ಗುತ್ತದೆ.

ಬೆಂಗಳೂರಿನವರ ಮಾತಿನಲ್ಲೂ ಸತ್ಯವಿದೆ, ಅದನ್ನು ನಾವು ಎದುರಿಸಲೇಬೇಕು. ಆ ನಗರದ ಅಂಚಿನ ಕೆಲವು ಕ್ಷೇತ್ರಗಳಲ್ಲಿ ಮತದಾರರು ಐದು ಲಕ್ಷ ದಾಟಿದ್ದಾರೆ, ಶೃಂಗೇರಿಯಂಥ ಮಲೆನಾಡಿನ ಕ್ಷೇತ್ರದಲ್ಲಿ ಎರಡು ಲಕ್ಷವೂ ಇಲ್ಲ. ಅಲ್ಲಿಯ ಒಬ್ಬನ ಮತಕ್ಕೆ ಇಲ್ಲಿಯ ಒಬ್ಬನ ಮತದ ಅರ್ಧ ತೂಕವೂ ಇಲ್ಲವೆಂದರೆ ಅದು ಅನ್ಯಾಯವೇ. ಒಬ್ಬ ಮನುಷ್ಯನಿಗೆ ಒಂದು ಮತ, ಎಲ್ಲ ಮತಕ್ಕೂ ಒಂದೇ ಬೆಲೆ ಎಂಬ ತತ್ವವನ್ನು ನಾನು ಬಿಟ್ಟುಕೊಡುವವನಲ್ಲ. ಆದರೆ ಲೋಕಸಭೆಯ ಸ್ಥಾನಗಳ ವಿಷಯ ಬಂದಾಗ, ಜನಸಂಖ್ಯೆ ಹತೋಟಿಯಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ಅದೇ ಕಾರಣಕ್ಕೆ ಶಿಕ್ಷೆಯಾಗಬಾರದು ಎಂದು ನಮ್ಮ ರಾಜ್ಯದ ನಾಯಕರು ವಾದಿಸುತ್ತಾರೆ. ಆ ವಾದ ನನಗೆ ಪೂರ್ತಿ ಒಪ್ಪಿಗೆ. ದೆಹಲಿಯ ಮುಂದೆ ಸರಿಯಾದ ವಾದ ವಿಧಾನಸೌಧದ ಮುಂದೆಯೂ ಸರಿಯಾಗಿರಬೇಕು. ನಮ್ಮ ಜಿಲ್ಲೆಯಲ್ಲಿ ಜನ ಕಡಿಮೆ ಇರುವುದಕ್ಕೆ ಚಿಕ್ಕ ಸಂಸಾರವೊಂದೇ ಕಾರಣವೂ ಅಲ್ಲ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು, ಕೈಗಾ ಅಣುಸ್ಥಾವರ ಬಂತು, ಸೀಬರ್ಡ್ ನೌಕಾನೆಲೆ ಬಂತು. ಪ್ರತಿಸಲವೂ ಊರುಗಳು ಎದ್ದುಹೋದವು. ನಾಡಿಗೆ ವಿದ್ಯುತ್ತು ಕೊಟ್ಟ ನೆಲದಲ್ಲಿ ಜನ ಕಡಿಮೆಯಾದರೆಂದು ಆ ನೆಲದ ಪ್ರಾತಿನಿಧ್ಯವನ್ನೂ ಕಡಿಮೆ ಮಾಡುವುದು ಯಾವ ಲೆಕ್ಕದಲ್ಲಿ ಸರಿ?

ಹಾಗಾದರೆ ದಾರಿ ಇದೆಯೇ ಎಂದು ಕೇಳುತ್ತೀರಿ. ಇದೆ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷತೆಯ ಆಯೋಗ ಜಮ್ಮು ಮತ್ತು ಕಾಶ್ಮೀರದ ಕ್ಷೇತ್ರಗಳನ್ನು ವಿಂಗಡಿಸಿ 2022ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು. ಅಲ್ಲಿಯ 20 ಜಿಲ್ಲೆಗಳನ್ನು ಅದು ಮೂರು ವರ್ಗ ಮಾಡಿತು: ಬೆಟ್ಟಗುಡ್ಡಗಳ ದುರ್ಗಮ ಜಿಲ್ಲೆಗಳು, ಬೆಟ್ಟ ಬಯಲು ಎರಡೂ ಇರುವವು, ಬಯಲಿನವು. ಸರಾಸರಿ ಜನಸಂಖ್ಯೆಗಿಂತ ಶೇಕಡಾ 10ರಷ್ಟು ಹೆಚ್ಚು ಕಡಿಮೆಗೆ ಅವಕಾಶ ಇಟ್ಟುಕೊಂಡು ಕ್ಷೇತ್ರ ಹಂಚಿತು. ಹಿಮಾಲಯಕ್ಕೆ ಸಲ್ಲುವ ನ್ಯಾಯ ಸಹ್ಯಾದ್ರಿಗೂ ಸಲ್ಲಬೇಕು ಎಂದು ಕೇಳುವುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಡ. ಲೆಕ್ಕ ಹಾಕಿ ನೋಡಿ: ಸರಾಸರಿ 2.73 ಲಕ್ಷದಲ್ಲಿ ಶೇಕಡಾ 10 ಬಿಟ್ಟರೆ 2.46 ಲಕ್ಷ, ಜಿಲ್ಲೆಯ ಜನಸಂಖ್ಯೆಯನ್ನು ಅದರಿಂದ ಭಾಗಿಸಿದರೆ ಐದೂ ಮುಕ್ಕಾಲು ಮೀರುತ್ತದೆ. ಆರು ಕ್ಷೇತ್ರಗಳನ್ನು ಕೇಳುವ ಹಕ್ಕು ನಮಗೆ ಸಿಗುತ್ತದೆ. ಇಂಥ ವಿನಾಯಿತಿ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಉತ್ತರಾಖಂಡದಲ್ಲಿ ಕಾಣಬಹುದು. ಕಳೆದ ವಿಂಗಡಣೆಯಲ್ಲಿ ಅಲ್ಲಿಯ ಬೆಟ್ಟದ ಜಿಲ್ಲೆಗಳ ವಿಧಾನಸಭಾ ಕ್ಷೇತ್ರಗಳು 40ರಿಂದ 34ಕ್ಕೆ ಇಳಿದವು, ಬಯಲಿನವು 30ರಿಂದ 36ಕ್ಕೆ ಏರಿದವು.

ಬೆಟ್ಟ ಎಂಬ ಮಾತನ್ನು ಆಯೋಗದ ಮುಂದೆ ಬರಿದೇ ಹೇಳಿದರೆ ಸಾಲದು. ಜೊಯಿಡಾ ವಿಸ್ತಾರದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲೂಕುಗಳಲ್ಲೊಂದು, 2011ರಲ್ಲಿ ಅಲ್ಲಿದ್ದವರು ಸುಮಾರು 52 ಸಾವಿರ. ಮಳೆಗಾಲದಲ್ಲಿ ಅಣಶಿ ಘಟ್ಟ, ದೇವಿಮನೆ ಘಟ್ಟ, ಅರಬೈಲು ಘಟ್ಟ ಎಷ್ಟೆಷ್ಟು ದಿನ ಮುಚ್ಚುತ್ತವೆ ಎಂಬುದನ್ನು ನಾವು ತೇದಿ ಸಮೇತ ಬರೆದುಕೊಡಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಕಡಿದುಹೋಗಿ ಅಂಕೋಲೆ ಮತ್ತು ಕುಮಟಾದ ನಡುವಿನ ಸಂಚಾರ ನಿಂತದ್ದನ್ನು ಈ ಸಭೆಯಲ್ಲಿರುವ ಹಲವರು ಅನುಭವಿಸಿದ್ದೀರಿ. ಅಜ್ಜನ ಸೀಮೆಸುಣ್ಣದ ಗೆರೆಯನ್ನು ನಾನು ಮತ್ತೆ ಮತ್ತೆ ನೆನೆಯುವುದು ಈ ಕಾರಣಕ್ಕೆ. ನಕಾಶೆಯ ಮೇಲೆ ಒಂದು ಅಂಗುಲ ದೂರದಲ್ಲಿರುವ ಎರಡು ಊರುಗಳ ನಡುವೆ ದಾರಿ ಇದೆಯೇ, ಆಷಾಢದಲ್ಲೂ ಇದೆಯೇ, ಬಸ್ಸು ಬರುತ್ತದೆಯೇ ಎಂಬುದನ್ನು ಅಲ್ಲಿ ನಡೆದಾಡುವವರೇ ಹೇಳಬೇಕು.

ಸಂಘಟಕರಿಂದ ಚೀಟಿ ಬಂದಿದೆ, ಹತ್ತು ನಿಮಿಷ ಎಂದು ಬರೆದಿದ್ದಾರೆ. ಆಯೋಗದ ಜೊತೆ ಕೂರುವ ಸಹ ಸದಸ್ಯರ ಬಗ್ಗೆ, ಮಹಿಳಾ ಮೀಸಲಾತಿಯ ಬಗ್ಗೆ, ಪಂಚಾಯತಿಗಳ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಚುಟುಕಾಗಿ ಹೇಳುತ್ತೇನೆ. ನಮ್ಮ ರಾಜ್ಯದಿಂದ ಐವರು ಲೋಕಸಭಾ ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿರುತ್ತಾರೆ, ಅವರಿಗೆ ಮತ ಹಾಕುವ ಅಧಿಕಾರವಿಲ್ಲ. ಆದ್ದರಿಂದ ನಮ್ಮ ಶಾಸಕರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುವಂತಿಲ್ಲ. 2023ರ 106ನೆಯ ತಿದ್ದುಪಡಿಯಂತೆ ಮಹಿಳೆಯರಿಗೆ ಮೂರನೆಯ ಒಂದು ಭಾಗ ಮೀಸಲಾಗುವುದು ಕ್ಷೇತ್ರ ವಿಂಗಡಣೆಯ ನಂತರವೇ, ಆದ್ದರಿಂದ ಈ ಚರ್ಚೆ ಮಹಿಳಾ ಸಂಘಗಳಲ್ಲಿ ನಡೆಯಲೇಬೇಕು. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಚುನಾವಣೆ ಮುಂದೆ ಹೋದದ್ದನ್ನು ನೋಡಿದ್ದೇವೆ. ಗೆರೆ ಎಳೆಯುವುದು ತಡವಾದರೂ ಜನರಿಗೇ ನಷ್ಟ.

ನ್ಯಾಯಾಲಯದ ಬಗ್ಗೆ ಒಂದು ಮಾತು. ಆಯೋಗದ ಅಂತಿಮ ಆದೇಶಕ್ಕೆ ಕಾನೂನಿನ ಬಲವಿದೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಂವಿಧಾನದ 329ನೆಯ ವಿಧಿ ಅಡ್ಡ ಬರುತ್ತದೆ. ಆದೇಶ ಮೇಲ್ನೋಟಕ್ಕೇ ಮನಸೋ ಇಚ್ಛೆಯದ್ದಾಗಿದ್ದರೆ ಪರಿಶೀಲಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿದೆ. ಆ ಬಾಗಿಲು ಬಹಳ ಕಿರಿದು. ನಮ್ಮ ಮಾತಿಗೆ ಬೆಲೆ ಇರುವುದು ಕರಡಿಗೂ ಅಂತಿಮ ಆದೇಶಕ್ಕೂ ನಡುವಿನ ಕೆಲವು ವಾರಗಳಲ್ಲಿ ಮಾತ್ರ. ಆಗ ಅರ್ಜಿ ಬರೆಯಲು ಕುಳಿತರೆ ತಡವಾಗುತ್ತದೆ.

ಅದಕ್ಕಾಗಿ ಹೊರಗಿನ ಮೇಜಿನ ಮೇಲೆ ಜಿಲ್ಲೆಯ ದೊಡ್ಡ ನಕಾಶೆ ಮತ್ತು ಒಂದು ದಪ್ಪ ನೋಟುಪುಸ್ತಕ ಇಟ್ಟಿದ್ದೇವೆ. ಪ್ರತಿಯೊಬ್ಬರೂ ನಿಮ್ಮ ಊರಿನ ಹೆಸರು, ತಾಲೂಕು ಕಚೇರಿಗೆ ಎಷ್ಟು ಕಿಲೋಮೀಟರು, ಬಸ್ಸು ದಿನಕ್ಕೆ ಎಷ್ಟು, ಮಳೆಗಾಲದಲ್ಲಿ ಯಾವ ಹೊಳೆ ಯಾವ ಘಟ್ಟ ಅಡ್ಡವಾಗುತ್ತದೆ, ಈಗಿನ ಶಾಸಕರ ಕಚೇರಿ ಎಲ್ಲಿದೆ, ಸಂತೆಗೆ ಎಲ್ಲಿಗೆ ಹೋಗುತ್ತೀರಿ ಎಂಬಷ್ಟನ್ನು ಬರೆದು ಹೋಗಿ. ಇದು ಯಾವ ಪಕ್ಷದ ಕೆಲಸವೂ ಅಲ್ಲ, ಪುಸ್ತಕ ವಾಚನಾಲಯದಲ್ಲೇ ಇರುತ್ತದೆ. ಕಾರವಾರ, ಭಟ್ಕಳ, ಹಳಿಯಾಳದ ಗೆಳೆಯರೂ ತಮ್ಮ ಊರಿನ ವಾಚನಾಲಯಗಳಲ್ಲಿ ಇಂಥ ಪುಸ್ತಕ ಇಡುವುದಾಗಿ ಮಾತು ಕೊಟ್ಟಿದ್ದಾರೆ. ಬನವಾಸಿ ಹೋಬಳಿಯವರಿಗೆ ಸಂಜೆಯ ಬಸ್ಸು ಹಿಡಿಯುವುದಿದೆ, ಅವರು ಮೊದಲು ಬರೆಯಲಿ.