ಆಕ್ಟೇನ್ ಎಂದರೆ ಶಕ್ತಿಯಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ವಾಹನಗಳ ಇಂಜಿನ್ನನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನನ್ನು ಜನ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಪುಟ್ಟ ಬಾಟಲಿಯಲ್ಲಿ ಮಾರುವ ಆಕ್ಟೇನ್ ಬೂಸ್ಟರ್ ಎಂಬ ದ್ರವವನ್ನು ಪೆಟ್ರೋಲ್ ಟ್ಯಾಂಕಿಗೆ ಸುರಿದರೆ ಕಾರಿನ ಪಿಕಪ್ ಹೆಚ್ಚುತ್ತದೆಯೇ, ಮೈಲೇಜ್ ಸುಧಾರಿಸುತ್ತದೆಯೇ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ, ಪೇಟೆಗೆ, ಮಕ್ಕಳ ಶಾಲೆಗೆ ಓಡಾಡುವ ಸಾಮಾನ್ಯ ಕಾರಿಗೆ ಅದರ ತಯಾರಕರು ಸೂಚಿಸಿದ ದರ್ಜೆಯ ಪೆಟ್ರೋಲನ್ನೇ ನೀವು ಹಾಕಿಸುತ್ತಿದ್ದರೆ, ಆ ಪುಟ್ಟ ಬಾಟಲಿಯಿಂದ ನಿಮಗೆ ಯಾವ ಲಾಭವೂ ಇಲ್ಲ. ಆಕ್ಟೇನ್ ಎಂದರೆ ಶಕ್ತಿಯಲ್ಲ. ಇಂದಿನ ಭಾಷಣದಲ್ಲಿ ಈ ಮಾತನ್ನು ನಾನು ಹಲವು ಬಾರಿ ಹೇಳಲಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಹಾಗಾದರೆ ಆಕ್ಟೇನ್ ಎಂದರೇನು? ಸಿಲಿಂಡರಿನೊಳಗೆ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಜ್ವಾಲೆ ಪ್ಲಗ್ಗಿನ ಬಳಿಯಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಕ್ರಮವಾಗಿ ಹರಡುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲೂ ಈ ಕ್ರಿಯೆ ಸೆಕೆಂಡಿಗೆ 25 ಬಾರಿ ನಡೆಯುತ್ತದೆ. ಆದರೆ ಜ್ವಾಲೆ ತಲುಪುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಶಾಖವನ್ನು ತಾಳಲಾರದೆ ತಾನೇ ತಾನಾಗಿ ಹೊತ್ತಿಕೊಂಡರೆ, ಒತ್ತಡದ ಅಲೆಗಳು ಲೋಹದ ಗೋಡೆಗೆ ಬಡಿದು ಕಟಕಟ ಸದ್ದು ಹೊರಡುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಹೀಗೆ ತಾನಾಗಿ ಹೊತ್ತಿಕೊಳ್ಳದೆ ಕಿಡಿಗಾಗಿ ಕಾಯುವ ಇಂಧನದ ತಾಳ್ಮೆಯನ್ನು ಅಳೆಯುವ ಸಂಖ್ಯೆಯೇ ಆಕ್ಟೇನ್. ಐಸೊಆಕ್ಟೇನ್ ಎಂಬ ದ್ರವಕ್ಕೆ 100, ಸುಲಭವಾಗಿ ನಾಕಿಂಗ್ ಮಾಡುವ ಹೆಪ್ಟೇನ್‌ಗೆ 0 ಎಂದು ಇಟ್ಟುಕೊಂಡು, ಪರೀಕ್ಷೆಯ ಇಂಜಿನ್ನಿನಲ್ಲಿ ನಮ್ಮ ಪೆಟ್ರೋಲ್ ಆ ಎರಡರ ಯಾವ ಮಿಶ್ರಣದಂತೆ ವರ್ತಿಸುತ್ತದೆ ಎಂದು ನೋಡುತ್ತಾರೆ. ನೂರಕ್ಕೆ 95 ಭಾಗ ಐಸೊಆಕ್ಟೇನ್ ಇರುವ ಮಿಶ್ರಣದಂತೆ ವರ್ತಿಸಿದರೆ ಅದು 95 ಆಕ್ಟೇನ್ ಪೆಟ್ರೋಲ್. ಈ ಲೆಕ್ಕದಲ್ಲಿ ಶಕ್ತಿಯ ಪ್ರಸ್ತಾಪ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಎಥನಾಲ್ ಆಕ್ಟೇನ್ 100ನ್ನು ಮೀರುತ್ತದೆ, ಆದರೂ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ?

ಈ ಬೂಸ್ಟರ್‌ಗಳ ಹುಟ್ಟಿನ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. 1916ರಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಖ್ಯಾತ ಇಂಜಿನಿಯರ್ ತಮ್ಮ ಕಿರಿಯ ಸಹೋದ್ಯೋಗಿ ಥಾಮಸ್ ಮಿಡ್‌ಗ್ಲಿಗೆ ನಾಕಿಂಗ್ ಸಮಸ್ಯೆಯನ್ನು ಒಪ್ಪಿಸಿದರು. ಸೀಮೆಎಣ್ಣೆಯಲ್ಲಿ ನಡೆಯುವ ಇಂಜಿನ್‌ಗಳು ವಿಪರೀತ ಸದ್ದು ಮಾಡುತ್ತಿದ್ದ ಕಾಲವದು. ಹಿಮ ಇನ್ನೂ ಕರಗದಿರುವಾಗಲೇ ಅರಳುವ ಒಂದು ಕಾಡುಬಳ್ಳಿ ಇಬ್ಬರ ನೆನಪಿಗೂ ಬಂತು; ಅದರ ಎಲೆಯ ಅಡಿಭಾಗ ಕೆಂಪು. ಕೆಂಪು ಬಣ್ಣ ಶಾಖವನ್ನು ಚೆನ್ನಾಗಿ ಹೀರುವುದರಿಂದಲೇ ಬಳ್ಳಿ ಬೇಗ ಹೂ ಬಿಡುತ್ತಿರಬಹುದು, ಹಾಗಾದರೆ ಇಂಧನಕ್ಕೂ ಕೆಂಪು ಬಣ್ಣ ಹಾಕಿದರೆ ಅದು ಬೇಗ ಆವಿಯಾಗಿ ಸಮನಾಗಿ ಉರಿಯಬಹುದಲ್ಲವೇ ಎಂದು ಅವರು ತರ್ಕಿಸಿದರು. ಮಿಡ್‌ಗ್ಲಿ ಉಗ್ರಾಣದಲ್ಲಿ ವಿಚಾರಿಸಿದರೆ, ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಅಲ್ಲಿರಲಿಲ್ಲ, ಅಯೋಡಿನ್ ಇತ್ತು. ಅದನ್ನೇ ಬೆರೆಸಿ ಇಂಜಿನ್ ನಡೆಸಿದಾಗ ಸದ್ದು ಅಡಗಿತು! ಉತ್ಸಾಹದಿಂದ ಅವರು ಊರಿನಲ್ಲಿ ಸಿಕ್ಕ ಕೆಂಪು ಬಣ್ಣಗಳನ್ನೆಲ್ಲ ತರಿಸಿ ಪರೀಕ್ಷಿಸಿದರು. ಒಂದೂ ಕೆಲಸ ಮಾಡಲಿಲ್ಲ. ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತವನ್ನು ಹಾಕಿದಾಗ ಮಾತ್ರ ಸದ್ದು ಮತ್ತೆ ನಿಂತಿತು. ಊಹೆ ಪೂರ್ತಿ ತಪ್ಪಾಗಿತ್ತು, ಫಲ ಮಾತ್ರ ನಿಜವಾಗಿತ್ತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಒಂದಾದ ಮೇಲೊಂದು ವಸ್ತುವನ್ನು ಪರೀಕ್ಷಿಸುತ್ತ ಹೋದರು. ಟೆಲ್ಲುರಿಯಂ ಸಂಯುಕ್ತಗಳು ಚೆನ್ನಾಗಿ ಕೆಲಸ ಮಾಡಿದವು, ಆದರೆ ಎಷ್ಟು ತೊಳೆದರೂ ಮೈಯಿಂದ ಹೋಗದ ಬೆಳ್ಳುಳ್ಳಿಯಂಥ ದುರ್ವಾಸನೆಯನ್ನು ಅಂಟಿಸಿದವು. ಕೊನೆಗೆ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಸಂಯುಕ್ತ, ಅವರ ಕೈಗೆ ಸಿಕ್ಕಿತು. ಆ ಸೀಸ ಜಗತ್ತಿನ ಗಾಳಿಗೆಲ್ಲ ವಿಷ ಬೆರೆಸಿತು, ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡಿತು. ಕಾರುಗಳ ಪೆಟ್ರೋಲಿನಿಂದ ಅದು ಎಲ್ಲ ದೇಶಗಳಲ್ಲೂ ತೊಲಗಿದ್ದು 2021ರಲ್ಲಿ.

ಇಷ್ಟು ದೀರ್ಘವಾಗಿ ಹೇಳಿದ್ದಕ್ಕೆ ಕಾರಣವಿದೆ. ಆ ಇಬ್ಬರೂ ಹುಡುಕುತ್ತಿದ್ದುದು ನಾಕಿಂಗ್ ಎಂಬ ಕಾಯಿಲೆಗೆ ಔಷಧವನ್ನು. ನಿಮ್ಮ ಕಾರಿಗೆ ಆ ಕಾಯಿಲೆಯೇ ಇಲ್ಲದಿದ್ದರೆ ಔಷಧ ಕುಡಿಸಿ ಪ್ರಯೋಜನವೇನು? ಇಂದಿನ ಬಹುಪಾಲು ಇಂಜಿನ್‌ಗಳಲ್ಲಿ ನಾಕಿಂಗ್ ಪತ್ತೆ ಹಚ್ಚುವ ಸೆನ್ಸರ್ ಇರುತ್ತದೆ. ಸದ್ದು ನಿಮ್ಮ ಕಿವಿಗೆ ಬೀಳುವ ಮೊದಲೇ ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡಿ ಇಂಜಿನ್ನನ್ನು ಕಾಪಾಡುತ್ತದೆ. ಹೆಚ್ಚಿನ ಆಕ್ಟೇನ್ ಬೇಡುವ ಟರ್ಬೊ ಇಂಜಿನ್ನಿಗೆ ಕಡಿಮೆ ದರ್ಜೆಯ ಪೆಟ್ರೋಲ್ ಹಾಕಿದಾಗ ಶಕ್ತಿ ಕುಗ್ಗುವುದು ಇದರಿಂದಲೇ, ಸರಿಯಾದ ಪೆಟ್ರೋಲ್ ಹಾಕಿದಾಗ ಅದು ಮರಳುವುದೂ ಇದರಿಂದಲೇ. ಸಾಮಾನ್ಯ ಪೆಟ್ರೋಲಿಗೆಂದೇ ರೂಪಿಸಿದ ಇಂಜಿನ್ನಿನಲ್ಲಿ ಮರಳಲು ಏನೂ ಇರುವುದಿಲ್ಲ. ಅಂಥ ಕಾರುಗಳಿಗೆ ಹೆಚ್ಚಿನ ಆಕ್ಟೇನಿನ ಪೆಟ್ರೋಲನ್ನೇ ಹಾಕಿ ಎಎಎ ಎಂಬ ಅಮೆರಿಕದ ವಾಹನ ಚಾಲಕರ ಸಂಸ್ಥೆ 2016ರಲ್ಲಿ ಪರೀಕ್ಷಿಸಿದಾಗಲೂ ಶಕ್ತಿಯಲ್ಲಾಗಲಿ ಮೈಲೇಜಿನಲ್ಲಾಗಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆಕ್ಟೇನ್ ಎಂದರೆ ಶಕ್ತಿಯಲ್ಲ.

ಬಾಟಲಿಯ ಮೇಲಿನ ಬರಹದ ಬಗ್ಗೆ ಚುಟುಕಾಗಿ ಒಂದು ಮಾತು. "30 ಪಾಯಿಂಟ್ ಏರಿಕೆ" ಎಂದಿದ್ದರೆ 95 ಎಂಬುದು 125 ಆಗುತ್ತದೆ ಎಂದು ಭಾವಿಸಬೇಡಿ; ಈ ವ್ಯಾಪಾರದಲ್ಲಿ ಒಂದು ಪಾಯಿಂಟ್ ಎಂದರೆ ಆಕ್ಟೇನಿನ ಹತ್ತನೆಯ ಒಂದು ಭಾಗ, ಆದ್ದರಿಂದ ಅದು ಹೆಚ್ಚೆಂದರೆ 3. ಬಾಟಲಿಯಲ್ಲಿರುವುದು ಟೊಲ್ಯೂನ್ ಎಂಬ ದ್ರಾವಕ ಮಾತ್ರವಾದರೆ ಅಷ್ಟೂ ಇಲ್ಲ: 91 ಆಕ್ಟೇನಿನ 40 ಲೀಟರ್ ಪೆಟ್ರೋಲಿಗೆ 300 ಮಿಲಿಲೀಟರ್ ಬೆರೆಸಿದರೆ ಏರುವುದು ಸುಮಾರು 0.2. ಸ್ವಲ್ಪವೇ ಹಾಕಿದರೂ ನಿಜವಾಗಿ ಏರಿಸುವಂಥವುಗಳಲ್ಲಿ ಸಾಮಾನ್ಯವಾಗಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತವಿರುತ್ತದೆ. ಅದನ್ನು ಬಿಡದೆ ಬಳಸಿದ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ತೆಳು ಕಂದು ಬಣ್ಣದಲ್ಲಿರಬೇಕಾದ ತುದಿಯ ಪಿಂಗಾಣಿಯ ಮೇಲೆ ಇಟ್ಟಿಗೆಪುಡಿಯ ಬಣ್ಣದ ಲೇಪ ಕೂತಿರುತ್ತದೆ. ಆ ಲೇಪದ ಮೂಲಕ ವಿದ್ಯುತ್ ಸೋರಿದರೆ ಕಿಡಿ ತಪ್ಪುತ್ತದೆ, ಪಿಕಪ್ ಹೆಚ್ಚುವ ಬದಲು ಇಳಿಯುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಿದೆ. ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಕಾರಿನ ಕೈಪಿಡಿಯಲ್ಲೋ ಬರೆದಿರುವ ಸಂಖ್ಯೆಯನ್ನು ಇಂದೇ ಓದಿ, ಆ ದರ್ಜೆಯ ಪೆಟ್ರೋಲನ್ನೇ ಹಾಕಿಸಿ. ದೂರದ ದಾರಿಯಲ್ಲಿ ಅದು ಸಿಗದೆ ಕಡಿಮೆ ದರ್ಜೆಯದನ್ನು ಹಾಕಿಸಬೇಕಾಗಿ ಬಂದರೆ, ಏರಿನಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ತುಳಿದು ಇಂಜಿನ್ನನ್ನು ಹಿಂಡದೆ, ಗೇರ್ ಇಳಿಸಿ ನಿಧಾನವಾಗಿ ಓಡಿಸಿ, ಸರಿಯಾದ ಪೆಟ್ರೋಲ್ ಸಿಕ್ಕ ಕೂಡಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಸರಿಯಾದ ಪೆಟ್ರೋಲ್ ಹಾಕಿಯೂ ಕಟಕಟ ಸದ್ದು ನಿಲ್ಲದಿದ್ದರೆ ಕಾರನ್ನು ಮೆಕ್ಯಾನಿಕ್ ಬಳಿಗೆ ಒಯ್ಯಿರಿ. ಇಂಜಿನ್ ಅತಿಯಾಗಿ ಬಿಸಿಯಾಗುತ್ತಿರಬಹುದು, ಒಳಗೆ ಮಸಿ ಕಟ್ಟಿರಬಹುದು, ಸೆನ್ಸರ್ ಕೆಟ್ಟಿರಬಹುದು, ಮತ್ತು ಇವುಗಳಲ್ಲಿ ಯಾವುದನ್ನೂ ಬಾಟಲಿ ರಿಪೇರಿ ಮಾಡಲಾರದು. ನಮಸ್ಕಾರ.